ಭಕ್ತಿಪದ್ಯಕ್ಕೆ ಪ್ರಸ್ತಾರ ಹಾಕುವುದು ಹೇಗೆ: ಒಂದು ಷಟ್ಪದಿ, ಒಂದು ದೇವರನಾಮ

‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ’ ಎಂಬ ಪ್ರಶ್ನೆಗೆ ಶಾಲೆಯಲ್ಲಿ ಉತ್ತರ ಬರೆದವರು ಬಹಳ ಮಂದಿ. ಪ್ರಸ್ತಾರವೆಂದರೆ ಅಕ್ಷರಗಳಿಗೆ ಲಘು, ಗುರು ಎಂದು ಗುರುತು ಹಾಕಿ ಅಳೆಯುವುದು; ಗಣವೆಂದರೆ ಆ ಅಳತೆಯ ಒಂದೊಂದು ಗುಂಪು. ಪರೀಕ್ಷೆ ಮುಗಿದ ಮೇಲೆ ಇದನ್ನೆಲ್ಲ ಮತ್ತೆ ಮುಟ್ಟಿದವರು ಕಡಿಮೆ. ದಿನಾ ಬಾಯಲ್ಲಿ ಓಡಾಡುವ ಒಂದು ದೇವರನಾಮವನ್ನೋ ಷಟ್ಪದಿಯನ್ನೋ (ಆರು ಪಾದದ, ಅಂದರೆ ಆರು ಸಾಲಿನ ಪದ್ಯ) ಮುಂದಿಟ್ಟುಕೊಂಡು ಬಿಡಿಸಲು ಕೂತರೆ ಎರಡನೇ ಸಾಲಿಗೇ ಲೆಕ್ಕ ತಪ್ಪುತ್ತದೆ. ತಪ್ಪುವುದಕ್ಕೆ ಸಾಮಾನ್ಯ ಕಾರಣ ಒಂದೇ: ಕಿವಿಗಿಂತ ಮೊದಲು ಪೆನ್ಸಿಲ್ ಓಡುತ್ತದೆ.

ಮಾದರಿಗೆ ಕನಕದಾಸರ ‘ಹರಿಭಕ್ತಿಸಾರ’ದ ಮೊದಲ ಪದ್ಯವನ್ನು ತೆಗೆದುಕೊಳ್ಳೋಣ. 16ನೇ ಶತಮಾನದ ಕೃತಿ. ಭಾಷೆ ಹಳಗನ್ನಡದಷ್ಟು ದೂರದ್ದಲ್ಲ, ಪದ್ಯ ಚಿಕ್ಕದು, ಕಲಿಯುವವರು ಎಡವುವ ಜಾಗಗಳೆಲ್ಲ ಇದರಲ್ಲಿವೆ. ಮೊದಲು ಇದನ್ನು ಸಾಲು ಮುರಿಯದೆ ಬರೆದುಕೊಳ್ಳಿ:

ಶ್ರೀಯರಸ ಗಾಂಗೇಯನುತ ಕೌಂತೇಯವಂದಿತಚರಣ ಕಮಲದಳಾಯತಾಂಬಕ ರೂಪಚಿನ್ಮಯ ದೇವಕೀತನಯ ರಾಯ ರಘುಕುಲವರ್ಯ ಭೂಸುರಪ್ರಿಯ ಸುರಪುರನಿಲಯ ಚೆನ್ನಿಗರಾಯ ಚತುರೋಪಾಯ ರಕ್ಷಿಸು ನಮ್ಮನನವರತ

ಹೀಗೆ ಒಂದೇ ಉಸಿರಿನ ಗದ್ಯದ ಹಾಗೆ ಬರೆದುಕೊಳ್ಳಲು ಕಾರಣವಿದೆ. ಅಚ್ಚಿನ ಪುಸ್ತಕಗಳಲ್ಲಿ ಸಾಲು ಮುರಿಯುವ ಪದ್ಧತಿ ಒಂದೇ ತೆರನಾಗಿಲ್ಲ. ಕೆಲವು ಆರು ಸಾಲಾಗಿ ಮುರಿಯುತ್ತವೆ, ಕೆಲವು ಜಾಗ ಉಳಿಸಲು ಎರಡೋ ಮೂರೋ ಸಾಲಾಗಿ. ಭಜನೆ ಪುಸ್ತಕಗಳಂತೂ ಪದ ತುಂಡಾಗುವುದು ಚೆನ್ನಾಗಿ ಕಾಣುವುದಿಲ್ಲವೆಂದು ಪದದ ಕೊನೆಗೇ ಸಾಲು ಮುರಿದುಬಿಡುತ್ತವೆ. ಅಂಥ ಸಾಲನ್ನು ನಂಬಿ ಮಾತ್ರೆ (ಅಕ್ಷರದ ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆ) ಎಣಿಸಿದರೆ ಒಂದು ಸಾಲಿಗೆ ಹನ್ನೆರಡು, ಇನ್ನೊಂದಕ್ಕೆ ಹದಿನೇಳು ಬಂದು ತಲೆ ಕೆಡುತ್ತದೆ. ಸಾಲು ಎಲ್ಲಿ ಮುರಿಯಬೇಕೆಂದು ಹೇಳುವ ಗುರುತು ಪದ್ಯದೊಳಗೇ ಇದೆ.

ಮೊದಲು ಪ್ರಾಸ ಹುಡುಕಿ

ಕನ್ನಡ ಷಟ್ಪದಿಯಲ್ಲಿ ಪ್ರತಿ ಪಾದದ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಇದು ಆದಿಪ್ರಾಸ, ದ್ವಿತೀಯಾಕ್ಷರ ಪ್ರಾಸ ಎಂದೂ ಕರೆಯುತ್ತಾರೆ. ಸ್ವರ ಬೇರೆಯಾಗಬಹುದು, ವ್ಯಂಜನ ಬದಲಾಗಬಾರದು. ನಮ್ಮ ಪದ್ಯದ ಮೊದಲ ಪದ ‘ಶ್ರೀಯ’; ಎರಡನೇ ಅಕ್ಷರ ‘ಯ’. ಹಾಗಾದರೆ ಉಳಿದ ಐದು ಪಾದಗಳ ತಲೆಯಲ್ಲೂ ‘ಯ’ ಎರಡನೆಯದಾಗಿ ಬರಬೇಕು. ಪದ್ಯದಲ್ಲಿ ‘ಯ’ ಇರುವ ಕಡೆಯೆಲ್ಲ ಸುತ್ತು ಹಾಕಿ: ಶ್ರೀಯ, ಗೇಯ, ತೇಯ, ಳಾಯ, ನ್ಮಯ, ನಯ, ರಾಯ, ರ್ಯ, ಪ್ರಿಯ, ಲಯ, ರಾಯ, ಪಾಯ. ಒಟ್ಟು ಹನ್ನೆರಡು. ಇವುಗಳಲ್ಲಿ ಆರು ಮಾತ್ರ ಪಾದದ ತಲೆಗೆ ಬರುವಂಥವು. ಯಾವ ಆರು ಎಂಬುದು ಮಾತ್ರೆ ಲೆಕ್ಕ ಹಾಕಿದ ಮೇಲೆ ಖಚಿತವಾಗುತ್ತದೆ. ಆದರೂ ಹುಡುಕುವ ಜಾಗ ಇಷ್ಟಕ್ಕೆ ಇಳಿಯಿತು.

ಪ್ರಾಸದ ಜಾತಿಯನ್ನೂ ಈಗಲೇ ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಪ್ರಾಸಾಕ್ಷರದ ಹಿಂದಿನ ಅಕ್ಷರ, ಅಂದರೆ ಪಾದದ ಮೊದಲ ಅಕ್ಷರ, ಹ್ರಸ್ವವಾಗಿದ್ದರೆ ಸಿಂಹಪ್ರಾಸ; ದೀರ್ಘವಾಗಿದ್ದರೆ ಗಜ; ನಡುವೆ ಅನುಸ್ವಾರ ಬಂದರೆ ವೃಷಭ; ವಿಸರ್ಗ ಬಂದರೆ ಅಜ; ಪ್ರಾಸಾಕ್ಷರ ಬೇರೆ ಬೇರೆ ವ್ಯಂಜನಗಳ ಒತ್ತಕ್ಷರವಾದರೆ ಶರಭ; ಅದೇ ವ್ಯಂಜನದ ಒತ್ತು, ಅಂದರೆ ದಡ್ಡಕ್ಕರವಾದರೆ ಹಯ. ಒಂದು ಪದ್ಯದ ಮೊದಲ ಪಾದದಲ್ಲಿ ಯಾವ ಜಾತಿಯೋ ಕೊನೆಯವರೆಗೂ ಅದೇ. ಇಲ್ಲಿ ‘ಶ್ರೀ’ ದೀರ್ಘ. ಆದ್ದರಿಂದ ಗಜಪ್ರಾಸ, ಆರೂ ಪಾದಗಳು ದೀರ್ಘಾಕ್ಷರದಿಂದಲೇ ಶುರುವಾಗಬೇಕು. ‘ನ್ಮಯ’, ‘ನಯ’, ‘ಲಯ’ ಈ ಕಾರಣಕ್ಕೇ ಪಟ್ಟಿಯಿಂದ ಬಿದ್ದುಹೋದವು. ‘ವರ್ಯ’ದಲ್ಲಿ ಒತ್ತು ಇರುವುದರಿಂದ ಅದೂ ಹೋಯಿತು. ‘ಪ್ರಿಯ’ ಹ್ರಸ್ವ, ನಿಯಮದ ಪ್ರಕಾರ ಅದೂ ಹೋಗಬೇಕು. ಆದರೆ ಅದರ ಮೇಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟುಕೊಳ್ಳಿ.

ಲಘು, ಗುರು

ಒಂದು ಚೌಕುಳಿ ಪುಸ್ತಕ ತನ್ನಿ. ಲಘುವಿಗೆ ಒಂದು ಚೌಕ, ಗುರುವಿಗೆ ಎರಡು. ಅಕ್ಷರದ ಮೇಲೆ ಗೆರೆಗಿರೆ ಎಳೆಯುವುದಕ್ಕಿಂತ ಇದು ವಾಸಿ. ಒಂದು ಪಾದ ಎಷ್ಟು ಉದ್ದವಿದೆ, ಗಣ ಎಲ್ಲಿ ಕೂಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ, ತಪ್ಪಾದರೆ ಚೌಕದ ಗೆರೆ ಅಕ್ಷರದ ನಡುವೆ ಹಾದುಹೋಗಿ ತಾನೇ ಹೇಳುತ್ತದೆ.

ಹ್ರಸ್ವ ಸ್ವರವಿರುವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಸ್ವರ, ಐ, ಔ, ಅನುಸ್ವಾರ, ವಿಸರ್ಗ ಇರುವ ಅಕ್ಷರ ಗುರು, ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು. ವ್ಯಂಜನದಲ್ಲಿ ನಿಲ್ಲುವ ಅಕ್ಷರವೂ (‘ಕಾಲ್’, ‘ಬಾಳ್’) ಗುರು. ಇಷ್ಟು ಎಲ್ಲರಿಗೂ ಗೊತ್ತು. ತಪ್ಪುವುದು ಬೇರೆ ಕಡೆ.

ಒತ್ತಕ್ಷರ ತಾನೇ ಗುರುವಲ್ಲ, ಅದರ ಹಿಂದಿನದು ಗುರು. ‘ನಮ್ಮ’ದಲ್ಲಿ ‘ನ’ ಗುರು, ‘ಮ್ಮ’ ಲಘು. ಬರವಣಿಗೆಯಲ್ಲಿ ‘ಮ್ಮ’ ದಪ್ಪಗೆ ಕಾಣುವುದರಿಂದ ಕೈ ತಾನಾಗಿ ಅದಕ್ಕೆ ಎರಡು ಚೌಕ ಕೊಟ್ಟುಬಿಡುತ್ತದೆ. ಪದದ ಮೊದಲಿಗೆ ಬರುವ ‘ಶ್ರೀ’ ಗುರು ಆಗಿರುವುದು ದೀರ್ಘದಿಂದ, ಒತ್ತಿನಿಂದಲ್ಲ.

ಕೃ, ವೃ, ತೃ ಇವು ಒತ್ತಕ್ಷರಗಳಲ್ಲ. ಋ ಸ್ವರ. ‘ಕನಕವೃಷ್ಟಿ’ಯಲ್ಲಿ ಮೂರನೇ ಅಕ್ಷರ ‘ಕ’ ಲಘುವೇ; ‘ವೃ’ ಗುರುವಾಗುವುದು ಮುಂದಿನ ‘ಷ್ಟಿ’ಯಿಂದ. ಈಗ ‘ಕೃಷ್ಣ’ವನ್ನು ‘ಕ್ರಿಷ್ಣ’ ಎನ್ನುವುದೇ ಹೆಚ್ಚಾಗಿರುವುದರಿಂದ ಈ ತಪ್ಪು ಕಿವಿಯಿಂದಲೇ ಹುಟ್ಟುತ್ತದೆ.

ಎ, ಒ ಕನ್ನಡದಲ್ಲಿ ಹ್ರಸ್ವ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ, ಅಲ್ಲಿ ಅವು ಸದಾ ಗುರು. ಸಂಸ್ಕೃತ ಶ್ಲೋಕ ಬಿಡಿಸಿ ಪಳಗಿದವರು ‘ನಿತೆಯ’, ‘ಜನಕೆ’ ಮುಂತಾದಲ್ಲಿ ಅಭ್ಯಾಸಬಲದಿಂದ ಎರಡು ಮಾತ್ರೆ ಹಾಕುವುದುಂಟು.

ಇನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲದ್ದು: ಒಂದು ಪದ ಮುಗಿದು ಮುಂದಿನ ಪದ ಒತ್ತಕ್ಷರದಿಂದ ಶುರುವಾದರೆ ಹಿಂದಿನ ಪದದ ಕೊನೆಯ ಅಕ್ಷರ ಗುರುವೋ ಲಘುವೋ? ಸಂಸ್ಕೃತದಲ್ಲಿ ಗುರು, ಮಾತಿಲ್ಲ. ಕನ್ನಡ ಮಾತ್ರಾಛಂದಸ್ಸಿನಲ್ಲಿ ಲಘುವಾಗಿಯೇ ಉಳಿಯುವ ಸಂದರ್ಭಗಳು ಬೇಕಾದಷ್ಟು. ಕುಮಾರವ್ಯಾಸನ ನಾಂದಿಪದ್ಯದಲ್ಲೇ (ಕಾವ್ಯದ ಆರಂಭದ ಪದ್ಯ) ನೋಡಿ: ‘ರಾವಣಾಸುರ ಮಥನ ಶ್ರವಣ ಸು’ ಎಂಬ ಪಾದದಲ್ಲಿ ‘ಮಥನ’ದ ‘ನ’ವನ್ನು ಗುರು ಮಾಡಿದರೆ ಪಾದ ಹದಿನೈದು ಮಾತ್ರೆಯಾಗಿ ಕುಂಟುತ್ತದೆ, ಲಘು ಮಾಡಿದರೆ ಹದಿನಾಲ್ಕಕ್ಕೆ ಸರಿಯಾಗಿ ಕೂರುತ್ತದೆ. ಒತ್ತನ್ನು ಹೀಗೆ ತೇಲಿಸಿ ಓದುವುದನ್ನು ಶಿಥಿಲದ್ವಿತ್ವದ ಸಾಲಿಗೆ ಸೇರಿಸಿ ಹೇಳುತ್ತಾರೆ. ಆದರೆ ಲೆಕ್ಕ ಸರಿಹೋಗದ ಕಡೆಯೆಲ್ಲ ‘ಶಿಥಿಲ’ ಎಂದು ಬರೆದು ಕೈತೊಳೆದುಕೊಳ್ಳುವುದು ಸೋಮಾರಿತನ. ಓದಿದಾಗ ನಾಲಗೆ ನಿಜಕ್ಕೂ ಒತ್ತನ್ನು ತೇಲಿಸುತ್ತದೆಯೇ ಎಂದು ನೋಡಿ ಆಮೇಲೆ ಬರೆಯಿರಿ.

ಗಣ ಕಟ್ಟುವುದು

ಈಗ ಪದ್ಯವನ್ನು ಗಟ್ಟಿಯಾಗಿ, ಪದಗಳ ಅರ್ಥ ಮರೆತು, ತೊಡೆಯ ಮೇಲೆ ತಟ್ಟುತ್ತ ಓದಿ. ‘ಶ್ರೀಯ’ ಎಂದು ಒಂದು ತಟ್ಟು, ‘ರಸಗಾಂ’ ಎಂದು ಒಂದು, ‘ಗೇಯ’ ಒಂದು, ‘ನುತಕೌಂ’ ಒಂದು. ತಟ್ಟುಗಳ ನಡುವಿನ ಅಂತರ ಸಮನಾಗಿಲ್ಲ: ಒಂದು ಗಿಡ್ಡ, ಒಂದು ಉದ್ದ. ಮಿಶ್ರಛಾಪು ತಾಳ ಗೊತ್ತಿದ್ದವರಿಗೆ ಕೂಡಲೇ ಹಿಡಿಯುತ್ತದೆ, ಮೂರು ಮತ್ತು ನಾಲ್ಕು, ಸೇರಿ ಏಳು. ಲೆಕ್ಕಕ್ಕಿಂತ ಮೊದಲು ಕಿವಿ ಇಷ್ಟನ್ನು ಹೇಳಿದರೆ ಮುಂದಿನದು ಬರೀ ಪರಿಶೀಲನೆ. ಚೌಕುಳಿ ಹಾಳೆಯಲ್ಲಿ 3, 4, 3, 4ಕ್ಕೆ ಗೆರೆ ಎಳೆದುಕೊಂಡು ತುಂಬುತ್ತ ಹೋಗಿ:

ಶ್ರೀಯ / ರಸಗಾಂ / ಗೇಯ / ನುತಕೌಂ
ತೇಯ / ವಂದಿತ / ಚರಣ / ಕಮಲದ
ಳಾಯ / ತಾಂಬಕ / ರೂಪ / ಚಿನ್ಮಯ / ದೇವ / ಕೀತನ / ಯ
ರಾಯ / ರಘುಕುಲ / ವರ್ಯ / ಭೂಸುರ
ಪ್ರೀಯ / ಸುರಪುರ / ನಿಲಯ / ಚೆನ್ನಿಗ
ರಾಯ / ಚತುರೋ / ಪಾಯ / ರಕ್ಷಿಸು / ನಮ್ಮ / ನನವರ / ತ

1, 2, 4, 5ನೇ ಪಾದಗಳಲ್ಲಿ 3-4-3-4, ಅಂದರೆ ಹದಿನಾಲ್ಕು ಮಾತ್ರೆ. 3 ಮತ್ತು 6ನೇ ಪಾದಗಳು ಅದರ ಒಂದೂವರೆಯಷ್ಟು, 3-4-3-4-3-4, ಮೇಲೊಂದು ಗುರು, ಇಪ್ಪತ್ತಮೂರು ಮಾತ್ರೆ. ಇಡೀ ಪದ್ಯ 102 ಮಾತ್ರೆ. ಇದು ಭಾಮಿನಿ ಷಟ್ಪದಿ. ಮೂರು ಮತ್ತು ಆರನೇ ಪಾದದ ಕೊನೆಯ ‘ಯ’, ‘ತ’ ಅಕ್ಷರರೂಪದಲ್ಲಿ ಲಘುವಾದರೂ ಅಲ್ಲಿ ನಿಲುಗಡೆ ಇರುವುದರಿಂದ ಗುರುವೆಂದೇ ಲೆಕ್ಕ. ಈ ಸವಲತ್ತು ಆ ಎರಡು ಪಾದಗಳಿಗೆ ಮಾತ್ರ. ಒಂದನೇ ಪಾದದ ಕೊನೆಯಲ್ಲಿ ಲಘು ಇದ್ದರೆ ಅದು ಲಘುವೇ.

‘ಕೌಂತೇಯ’ ಒಂದು ಪದ, ಎರಡು ಪಾದಗಳಿಗೆ ಹಂಚಿಹೋಗಿದೆ. ‘ಕಮಲದಳಾಯತಾಂಬಕ’, ‘ಭೂಸುರಪ್ರಿಯ’, ‘ಚೆನ್ನಿಗರಾಯ’ ಕೂಡ ಹಾಗೆಯೇ. ಪದ ಮತ್ತು ಪಾದ ಒಟ್ಟಿಗೆ ಮುಗಿಯುವುದು ಮೂರನೇ ಮತ್ತು ಆರನೇ ಪಾದದ ಕೊನೆಯಲ್ಲಿ ಮಾತ್ರ. ಷಟ್ಪದಿಯಲ್ಲಿ ಇದು ದೋಷವಲ್ಲ, ಸೊಗಸು. ಪದ ಗೆರೆ ದಾಟುವುದರಿಂದಲೇ ಓದು ನಿಲ್ಲದೆ ಮುಂದಕ್ಕೆ ಜಗ್ಗುತ್ತದೆ, ಅರ್ಧ ಪದ್ಯಕ್ಕೊಮ್ಮೆ ಉಸಿರು.

ಉಳಿದ ಷಟ್ಪದಿಗಳನ್ನು ಗುರುತಿಸಲು ಉದ್ದದ ಪಾದವನ್ನು ಎಣಿಸುವ ಅಗತ್ಯವಿಲ್ಲ, ಮೊದಲ ಪಾದ ಸಾಕು:

ಶರ: 4-4, ಎಂಟು ಮಾತ್ರೆ.
ಕುಸುಮ: 5-5, ಹತ್ತು.
ಭೋಗ: 3-3-3-3, ಹನ್ನೆರಡು.
ಭಾಮಿನಿ: 3-4-3-4, ಹದಿನಾಲ್ಕು.
ಪರಿವರ್ಧಿನಿ: 4-4-4-4, ಹದಿನಾರು.
ವಾರ್ಧಕ: 5-5-5-5, ಇಪ್ಪತ್ತು.

ಎಲ್ಲದರಲ್ಲೂ 3, 6ನೇ ಪಾದ ಒಂದೂವರೆ ಪಟ್ಟು ಮತ್ತು ಒಂದು ಗುರು. ಒಟ್ಟು ಮಾತ್ರೆ ಸರಿಬಂದ ಮಾತ್ರಕ್ಕೆ ಹೆಸರು ಬರೆದುಬಿಡಬೇಡಿ. ಹನ್ನೆರಡು ಮಾತ್ರೆಯನ್ನು 4-4-4 ಎಂದೂ ಒಡೆಯಬಹುದು, ಅದು ಭೋಗವಲ್ಲ. ಗಣದ ನಡೆಯೇ ಹೆಸರು ಕೊಡುವುದು. ಇನ್ನೊಂದು ಎಚ್ಚರ: ಲಘುವಿನ ಮೇಲೆ ಗುರು ಬಂದು ಗಣ ಶುರುವಾಗುವುದು (‘ರಮಾ’, ‘ಸದಾನು’ ಹೀಗೆ) ಷಟ್ಪದಿಗೆ ಒಗ್ಗದು. ನಿಮ್ಮ ವಿಂಗಡಣೆಯಲ್ಲಿ ಅಂಥ ಗಣ ಮೇಲಿಂದ ಮೇಲೆ ಬರುತ್ತಿದ್ದರೆ ಗೆರೆ ಎಳೆದ ಜಾಗವೇ ತಪ್ಪಿರುತ್ತದೆ.

ಲೆಕ್ಕ ತಪ್ಪಿದಾಗ

ತಪ್ಪಿದಾಗ ಅನುಮಾನ ಪಡುವುದಕ್ಕೂ ಒಂದು ಕ್ರಮವಿದೆ. ಮೊದಲು ನಿಮ್ಮ ವಿಂಗಡಣೆ, ಆಮೇಲೆ ಅಚ್ಚಿನ ಪಾಠ, ಕಟ್ಟಕಡೆಗೆ ಕವಿ. ಬಹಳ ಜನ ಕಡೆಯದರಿಂದ ಶುರುಮಾಡುತ್ತಾರೆ.

ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟ ‘ಭೂಸುರಪ್ರಿಯ’ಕ್ಕೆ ಈಗ ಬನ್ನಿ. ಇದು ಸಮಾಸ. ಶಬ್ದಶಾಸ್ತ್ರದ ಪ್ರಕಾರ ಓದಿದರೆ ‘ಪ್ರಿ’ಯ ಒತ್ತಿನಿಂದ ‘ರ’ ಗುರು: ಭೂ 2, ಸು 1, ರ 2, ಪ್ರಿ 1, ಯ 1. ಒಟ್ಟು ಏಳು. ನಮಗೆ ಬೇಕಾದದ್ದೂ ಏಳೇ, ನಾಲ್ಕನೇ ಪಾದದ ಕೊನೆಯ ಗಣ ನಾಲ್ಕು, ಐದನೇ ಪಾದದ ಮೊದಲ ಗಣ ಮೂರು. ಮೊತ್ತ ಸರಿ, ಗಡಿ ಮಾತ್ರ ತಪ್ಪು: ನಾಲ್ಕನೇ ಮಾತ್ರೆ ‘ರ’ದ ಹೊಟ್ಟೆಯಲ್ಲಿ ಮುಗಿಯುತ್ತದೆ, ಚೌಕುಳಿಯ ಗೆರೆ ಅಕ್ಷರವನ್ನು ಸೀಳುತ್ತದೆ. ಹಾಡುವವರ ಬಾಯಲ್ಲಿ ಆಗುವುದೇನೆಂದರೆ ‘ರ’ ತನ್ನ ಒಂದು ಮಾತ್ರೆಯನ್ನು ‘ಪ್ರಿ’ಗೆ ಬಿಟ್ಟುಕೊಡುತ್ತದೆ: ಭೂಸುರ ನಾಲ್ಕು, ಪ್ರೀಯ ಮೂರು. ಗಣ ಕೂಡಿತು. ಪ್ರಾಸವೂ ಕೂಡಿತು, ಯಾಕೆಂದರೆ ಗಜಪ್ರಾಸಕ್ಕೆ ಪಾದದ ಮೊದಲಕ್ಷರ ದೀರ್ಘವೇ ಬೇಕಿತ್ತು. ತಾಳ, ಗಣ, ಪ್ರಾಸ ಮೂರೂ ಒಂದೇ ಓದನ್ನು ಬೇಡುತ್ತಿರುವಾಗ ಅಚ್ಚಿನಲ್ಲಿ ಹೇಗೇ ಇರಲಿ, ಓದಬೇಕಾದದ್ದು ‘ಪ್ರೀಯ’ ಎಂದೇ. ಪ್ರಾಸದ ಜಾತಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೆ.

ಕವಿಯೇ ಪದವನ್ನು ಕತ್ತರಿಸುವುದೂ ಉಂಟು. ಕುಮಾರವ್ಯಾಸನ ನಾಂದಿ ಮುಗಿಯುವುದು ‘ಗದುಗಿನ ವೀರನಾರಯಣ’ ಎಂದು. ವೀರ / ನಾರಯ / ಣ, 3-4-ಗುರು. ‘ನಾರಾಯಣ’ ಎಂದು ತಿದ್ದಿದರೆ ವೀರ / ನಾರಾ ಆಗಿ, ಒಂದು ಗುರುವಿನ ಜಾಗದಲ್ಲಿ ‘ಯಣ’ ಎಂಬ ಎರಡು ಅಕ್ಷರ ಉಳಿದುಕೊಳ್ಳುತ್ತವೆ. ವ್ಯಾಕರಣ ತಿದ್ದಲು ಹೋದವರು ಛಂದಸ್ಸು ಕೆಡಿಸುವುದು ಹೀಗೆ. ಬೆರಳಚ್ಚು ಮಾಡಿ ಹಂಚುವ ಸಾಹಿತ್ಯದಲ್ಲಿ ಇಂಥ ‘ತಿದ್ದುಪಡಿ’ ಧಾರಾಳ. ಒಂದು ಮಾತ್ರೆ ಹೆಚ್ಚಾಗಿ ಕಂಡಲ್ಲಿ, ಅದೂ ದೇವರ ಹೆಸರಿನಲ್ಲಿ ಕಂಡಲ್ಲಿ, ಹಳೆಯ ಮುದ್ರಣವೊಂದನ್ನು ತೆಗೆದು ನೋಡಿ.

ಒಂದು ಮಾತ್ರೆ ಹೆಚ್ಚೋ ಕಡಿಮೆಯೋ ಬಂದರೆ ಸಂಧಿಯನ್ನೂ ಅನುಮಾನಿಸಿ. ‘ನಮ್ಮನನವರತ’ ಎಂಬುದನ್ನು ಓದುಗರಿಗೆ ಸುಲಭವಾಗಲೆಂದು ‘ನಮ್ಮನು ಅನವರತ’ ಎಂದು ಬಿಡಿಸಿ ಅಚ್ಚು ಹಾಕಿದರೆ ಒಂದು ಮಾತ್ರೆ ಏರುತ್ತದೆ. ಬಿಡಿಸಿದ್ದನ್ನು ಕೂಡಿಸುವಾಗ ತಪ್ಪು ಸಂಧಿ ಮಾಡಿದರೆ ಇಳಿಯುತ್ತದೆ. ಅರ್ಥಕ್ಕೆ ಬಿಡಿಸಿ, ಲೆಕ್ಕಕ್ಕೆ ಕೂಡಿಸಿ.

ಛಂದಸ್ಸಿನಿಂದ ಅರ್ಥಕ್ಕೆ

ಹೆಸರು ಬರೆದು ನಿಲ್ಲಿಸಿದರೆ ಪರೀಕ್ಷೆಯ ಉತ್ತರವಾಯಿತು ಅಷ್ಟೆ. ಗಣಗಳಿಗೆ ಈಗ ಸಂಖ್ಯೆ ಕೊಡಿ. ನಾಲ್ಕು ಚಿಕ್ಕ ಪಾದಗಳಲ್ಲಿ ಹದಿನಾರು, ಎರಡು ದೊಡ್ಡ ಪಾದಗಳಲ್ಲಿ ಹನ್ನೆರಡು. ಒಟ್ಟು 28 ಗಣ. ಕ್ರಿಯಾಪದ ಎಲ್ಲಿದೆ ಹುಡುಕಿ. ‘ಶ್ರೀಯರಸ’ದಿಂದ ‘ಚತುರೋಪಾಯ’ದವರೆಗೆ ಇರುವುದೆಲ್ಲ ಸಂಬೋಧನೆ. ಗಾಂಗೇಯನುತ, ಅಂದರೆ ಭೀಷ್ಮನಿಂದ ಸ್ತುತನಾದವನೇ, ಕೌಂತೇಯರು ವಂದಿಸಿದ ಪಾದದವನೇ, ಕಮಲದ ದಳದಂತೆ ಅಗಲವಾದ ಕಣ್ಣಿನವನೇ, ಚಿನ್ಮಯರೂಪನೇ, ದೇವಕಿಯ ಮಗನೇ. ಹೀಗೆ ಕರೆಯುತ್ತಲೇ 25 ಗಣ ಕಳೆಯುತ್ತವೆ. 26ನೇ ಗಣ ‘ರಕ್ಷಿಸು’. ಇಡೀ ಪದ್ಯಕ್ಕೆ ಇರುವ ಒಂದೇ ಒಂದು ಕ್ರಿಯಾಪದ, ಸರಿಯಾಗಿ ಒಂದು ಗಣವನ್ನು ತುಂಬಿ, ಅತ್ತಿತ್ತ ಚಾಚದೆ ನಿಂತಿದೆ.

ಇದಕ್ಕೂ ಮುಂಚೆ ಸುತ್ತು ಹಾಕಿದ ಹನ್ನೆರಡು ‘ಯ’ಗಳನ್ನು ಈಗ ಚೌಕುಳಿಯಲ್ಲಿ ನೋಡಿ. ಅರ್ಧ ಪದ್ಯಕ್ಕೆ ಆರಾರು. ಪಾದದ ತಲೆಯವು ಆರು ಪ್ರಾಸಕ್ಕೆ ಬೇಕಾದವು. ಉಳಿದ ಆರರಲ್ಲಿ ನಾಲ್ಕು (ಗೇಯ, ವರ್ಯ, ನಿಲಯ, ಪಾಯ) ಆಯಾ ಪಾದದ ಮೂರನೇ ಗಣದ ಕೊನೆಗೇ ಬಿದ್ದಿವೆ. ಅಂದರೆ ಏಳು ಮಾತ್ರೆಯ ಬಹುಪಾಲು ಸುತ್ತುಗಳಲ್ಲಿ ಗಿಡ್ಡ ತಟ್ಟು ಮುಗಿಯುವಲ್ಲಿ ‘ಯ’ ಮೊಳಗುತ್ತದೆ. ಛಂದಸ್ಸಿನ ನಿಯಮ ಇದನ್ನು ಕೇಳುವುದಿಲ್ಲ. ಹೀಗೆ ಮೊಳಗುತ್ತ ಬಂದ ‘ಯ’ ಕಾರ ‘ಪಾಯ’ದಲ್ಲಿ ನಿಲ್ಲುತ್ತದೆ, ‘ರಕ್ಷಿಸು ನಮ್ಮನನವರತ’ದಲ್ಲಿ ಒಂದೂ ‘ಯ’ ಇಲ್ಲ. ಕರೆಯುವ ದನಿ ಬದಲಾಗಿ ಬೇಡುವ ದನಿ ಬಂದದ್ದು ಕಿವಿಗೇ ತಿಳಿಯುತ್ತದೆ. ‘ರಕ್ಷಿಸು ನಮ್ಮನನವರತ’ ಕೃತಿಯುದ್ದಕ್ಕೂ ಪದ್ಯಪದ್ಯದ ಕೊನೆಗೆ ಮರಳುವ ಸೊಲ್ಲು. ಹಾಗಾಗಿ ಕವಿಗೆ ಆರನೇ ಪಾದದ ಕೊನೆಯ ಮೂರೂವರೆ ಗಣ ಮೊದಲೇ ಮೀಸಲು, ಪ್ರತಿ ಪದ್ಯದಲ್ಲೂ ಅವನು ತುಂಬಬೇಕಾದದ್ದು 25 ಗಣ ಮತ್ತು ಮೂರನೇ ಪಾದದ ಕೊನೆಯ ಗುರು. ಇನ್ನು ನಾಲ್ಕೈದು ಪದ್ಯಗಳನ್ನು ಇದೇ ರೀತಿ ಬಿಡಿಸಿ, ಆ 25ರಲ್ಲಿ ಅವನು ಎಲ್ಲಿ ಬರೀ ಹೆಸರು ಪೋಣಿಸುತ್ತಾನೆ, ಎಲ್ಲಿ ಕಥೆ ತರುತ್ತಾನೆ, ಎಲ್ಲಿ ತನ್ನನ್ನೇ ಹಳಿದುಕೊಳ್ಳುತ್ತಾನೆ ಎಂದು ಗುರುತು ಹಾಕಿಕೊಳ್ಳಿ.

ದೇವರನಾಮಕ್ಕೆ ಬಂದಾಗ

ಕೀರ್ತನೆಯ ಕಟ್ಟು ಬೇರೆ. ಪಲ್ಲವಿ, ಕೆಲವಕ್ಕೆ ಅನುಪಲ್ಲವಿ, ಆಮೇಲೆ ಚರಣಗಳು, ಕೊನೆಯ ಚರಣದಲ್ಲಿ ಅಂಕಿತ, ಅಂದರೆ ರಚಿಸಿದವರ ಗುರುತಿನ ಹೆಸರು. ಇಲ್ಲಿ ಮಾತ್ರೆಯ ಅಳತೆಗೋಲು ಪುಸ್ತಕದಲ್ಲಿಲ್ಲ, ತಾಳದಲ್ಲಿದೆ. ಬರೆದ ಅಕ್ಷರ ಕಡಿಮೆಯಾದರೆ ಹಾಡುವವರು ಎಳೆದು ತುಂಬುತ್ತಾರೆ. ಆದ್ದರಿಂದ ಷಟ್ಪದಿಯ ಹಾಗೆ ಕಟ್ಟುನಿಟ್ಟಾಗಿ ಎಣಿಸಿ ‘ಛಂದೋಭಂಗ’ ಎಂದು ಬರೆಯುವುದು ತಪ್ಪು. ಮಾಡಬೇಕಾದದ್ದು ಮೂಲದ ಗಣವನ್ನು ಕಂಡುಹಿಡಿದು, ಎಲ್ಲೆಲ್ಲಿ ಸಡಿಲು ಬಿಟ್ಟಿದೆ ಎಂದು ಗುರುತಿಸುವುದು.

ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ದ ಒಂದು ಚರಣ:

ಹೆಜ್ಜೆಯ / ಮೇಲೆ / ಹೆಜ್ಜೆಯ / ನಿಕ್ಕುತ
ಗೆಜ್ಜೆ / ಕಾಲ್ಗಳ / ಧ್ವನಿಯ / ತೋರುತ
ಸಜ್ಜನ / ಸಾಧು / ಪೂಜೆಯ / ವೇಳೆಗೆ
ಮಜ್ಜಿಗೆ / ಯೊಳಗಿನ / ಬೆಣ್ಣೆ / ಯಂತೆ

ನಾಲ್ಕು ಮಾತ್ರೆಯ ನಾಲ್ಕು ಗಣ, ಪಾದಕ್ಕೆ ಹದಿನಾರು. ‘ಮೇಲೆ’, ‘ಗೆಜ್ಜೆ’, ‘ಧ್ವನಿಯ’, ‘ಸಾಧು’, ‘ಬೆಣ್ಣೆ’, ‘ಯಂತೆ’ ಇವೆಲ್ಲ ಮೂರೇ ಮಾತ್ರೆ. ಒಂದೊಂದು ಮಾತ್ರೆಯ ಕುಳಿ ಬಿಟ್ಟಿದೆ, ಅದನ್ನು ರಾಗ ತುಂಬುತ್ತದೆ. ಪಾಠಾಂತರ ಹುಟ್ಟುವುದೂ ಈ ಕುಳಿಗಳಲ್ಲೇ: ‘ಧ್ವನಿಯ ತೋರುತ’ ಇದ್ದಲ್ಲಿ ‘ನಾದವ ತೋರುತ’ ಎಂದು ಹಾಡುವುದು ಕೇಳಿರುತ್ತೀರಿ. ‘ನಾದವ’ ಸರಿಯಾಗಿ ನಾಲ್ಕು. ಅದೇ ‘ನಿಕ್ಕುತ’, ‘ವೇಳೆಗೆ’ಗಳಂಥ ಭರ್ತಿ ಗಣಗಳನ್ನು ಬದಲಿಸಬೇಕೆಂದು ಯಾರ ನಾಲಗೆಗೂ ಅನ್ನಿಸುವುದಿಲ್ಲ.

ಅಳತೆಯಲ್ಲಿ ಸಡಿಲು ಬಿಟ್ಟ ಹಾಡು ಪ್ರಾಸದಲ್ಲಿ ಎಷ್ಟು ಬಿಗಿ ಎಂಬುದನ್ನು ನೋಡಬೇಕು. ಈ ಚರಣದಲ್ಲಿ ‘ಜ್ಜ’, ನಾಲ್ಕೂ ಕಡೆ ದಡ್ಡಕ್ಕರ, ಹಯಪ್ರಾಸ. ‘ಕನಕವೃಷ್ಟಿಯ’ ಎಂದು ಶುರುವಾಗುವ ಚರಣದಲ್ಲಿ ಕನ, ಮನ, ದಿನ, ಜನ: ಸಿಂಹಪ್ರಾಸ. ‘ಸಂಖ್ಯೆಯಿಲ್ಲದ’ ಚರಣದಲ್ಲಿ ಸಂಖ್ಯೆ, ಕಂಕಣ, ಕುಂಕುಮ, ವೆಂಕಟ: ವೃಷಭ. ಖ, ಕ ಒಂದೇ ವರ್ಗದವಾದ್ದರಿಂದ ಕಿವಿ ತಕರಾರು ಮಾಡುವುದಿಲ್ಲ. ಕೊನೆಯ ಚರಣದಲ್ಲಿ ಸಕ್ಕರೆ, ಶುಕ್ರ, ಅಕ್ಕರೆ, ಚೊಕ್ಕ. ಮೂರು ಹಯದ ನಡುವೆ ‘ಶುಕ್ರ’ ಒಂದು ಶರಭ. ಪ್ರೌಢಕಾವ್ಯದಲ್ಲಾಗಿದ್ದರೆ ಆಕ್ಷೇಪ ಬರುತ್ತಿತ್ತು. ಹಾಡುಗಬ್ಬದಲ್ಲಿ ‘ಶುಕ್ಕರವಾರ’ ಎಂದೇ ಆಡುವ ಬಾಯಿಗೆ ಅದು ಪ್ರಾಸವೇ. ಒಂದೇ ಹಾಡಿನಲ್ಲಿ ಪ್ರಾಸದ ಮೂರು ಜಾತಿಗಳು ಚರಣಕ್ಕೊಂದರಂತೆ ಸಿಗುವುದರಿಂದ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಅಂಕಿತವನ್ನು ಬೇರೆಯಾಗಿ ಬಿಡಿಸಿ ನೋಡಿ. ‘ಚೊಕ್ಕ ಪುರಂದರ ವಿಠಲನ ರಾಣಿ’: ಪದಗಳ ಪ್ರಕಾರ ಚೊಕ್ಕ 3, ಪುರಂದರ 5. ಗಣದ ಪ್ರಕಾರ ಚೊಕ್ಕಪು / ರಂದರ / ವಿಠಲನ / ರಾಣಿ. ‘ಪುರಂದರ’ ಎಂಬ ಪದ ಲಘು-ಗುರುವಿನಿಂದ ಶುರುವಾಗುವುದರಿಂದ ನಾಲ್ಕು ಮಾತ್ರೆಯ ಗಣದ ತಲೆಗೆ ಅದು ಕೂರಲೊಲ್ಲದು. ಹಿಂದೆ ಮೂರು ಮಾತ್ರೆಯ ಪದವೊಂದು ಬಂದರೆ ‘ಪು’ ಅದಕ್ಕೆ ಅಂಟಿಕೊಂಡು, ‘ರಂ’ ಮೇಲೆ ತಟ್ಟು ಬಿದ್ದು ಸಲೀಸಾಗುತ್ತದೆ. ಇಲ್ಲಿ ಆ ಕೆಲಸ ಮಾಡುವುದು ‘ಚೊಕ್ಕ’. ಅದು ಪ್ರಾಸಕ್ಕೂ ಬೇಕು, ಗಣಕ್ಕೂ ಬೇಕು. ಬೇರೆ ಹಾಡುಗಳಲ್ಲಿ ಅಂಕಿತದ ಹಿಂದಿನ ಪದ ಎಷ್ಟು ಮಾತ್ರೆಯದು ಎಂದು ನೋಡುತ್ತ ಹೋಗಿ.

ಕೀರ್ತನೆಗೂ ಷಟ್ಪದಿಗೂ ನಡುವೆ ಗೋಡೆಯೇನೂ ಇಲ್ಲ. ಕನಕದಾಸರದೇ ‘ಈಶ ನಿನ್ನ ಚರಣ ಭಜನೆ’ಯನ್ನು ಬಿಡಿಸಿ: ಈಶ / ನಿನ್ನ / ಚರಣ / ಭಜನೆ, ಎಲ್ಲ ಮೂರು. ಮೂರನೇ ಪಾದ ದೋಷ / ರಾಶಿ / ನಾಶ / ಮಾಡು / ಶ್ರೀಶ / ಕೇಶ / ವ. ಮೂರರ ಆರು ಗಣ, ಮೇಲೊಂದು ಗುರು. ಭೋಗಷಟ್ಪದಿಯ ಅರ್ಧವೇ ಇದು. ‘ಕೇಶವ’ದ ಹಿಂದೆ ‘ಶ್ರೀಶ’ ಯಾಕೆ ಬಂತು ಎಂಬುದಕ್ಕೂ ಗಣವೇ ಉತ್ತರ. ಮುಂದಿನ ನುಡಿಯಲ್ಲಿ ಅದೇ ಜಾಗಕ್ಕೆ ‘ನಾರಾಯಣ’ ಬಂದಾಗ ಅಳತೆ ಹೇಗೆ ಒದ್ದಾಡುತ್ತದೆಂದು ಎಣಿಸಿ ನೋಡಿ.

ಈ ವಿಧಾನ ನಡೆಯದ ಕಡೆಗಳು

ತ್ರಿಪದಿಗೆ ಮಾತ್ರೆ ಎಣಿಸಲು ಹೋಗಬೇಡಿ. ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ಯಂಥವು ಅಂಶಗಣದವು. ಮೂರು ಪಾದಗಳಲ್ಲಿ 4, 4, 3ರಂತೆ ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ (ಎರಡು ಅಂಶದ್ದು), ಉಳಿದವು ವಿಷ್ಣುಗಣ (ಮೂರು ಅಂಶದ್ದು). ಅಂಶಗಣದಲ್ಲಿ ಗಣದ ಮೊದಲಿಗೆ ಬರುವ ಎರಡು ಲಘು ಸೇರಿಯೂ ಒಂದು ಅಂಶ, ಒಂದು ಗುರುವೂ ಒಂದು ಅಂಶ. ಹೀಗಾಗಿ ಒಂದೇ ಜಾತಿಯ ಗಣಗಳ ಮಾತ್ರೆ ಹೆಚ್ಚುಕಡಿಮೆಯಾಗುತ್ತದೆ. ಮೊದಲು ಆರನೇ ಗಣವನ್ನು ಹುಡುಕಿ, ಎರಡನೇ ಪಾದದ ನಡುವೆ ನಡೆ ಗಕ್ಕನೆ ಗಿಡ್ಡವಾಗುವ ಜಾಗ ಅದು. ಅದು ಸಿಕ್ಕರೆ ಹಿಂದೆ ಮುಂದೆ ಎಣಿಸಿಕೊಳ್ಳಬಹುದು.

ರಗಳೆಗೆ ಪಾದದ ಲೆಕ್ಕವಿದೆ, ಪದ್ಯದ ಲೆಕ್ಕವಿಲ್ಲ. ಹರಿಹರನ ಶರಣರ ರಗಳೆಗಳಲ್ಲಿ ಎಷ್ಟು ಸಾಲು ಬಂತೆಂದು ಎಣಿಸಿ ಪ್ರಯೋಜನವಿಲ್ಲ. ಎರಡೆರಡು ಸಾಲಿನ ಜೋಡಿ ಹಿಡಿದು, ನಾಲ್ಕರ ನಡೆಯಾದರೆ ಮಂದಾನಿಲ, ಐದರದಾದರೆ ಲಲಿತ, ಮೂರರದಾದರೆ ಉತ್ಸಾಹ ಎಂದು ಗುರುತಿಸಿ, ನಡುವೆ ನಡೆ ಬದಲಾದರೆ ಆ ಜಾಗದ ಪಕ್ಕದಲ್ಲಿ ಕಥೆಯಲ್ಲಿ ಏನಾಗುತ್ತಿದೆ ಎಂದು ಬರೆದುಕೊಳ್ಳಿ.

ವಚನಕ್ಕೆ ಪ್ರಸ್ತಾರವೇ ಇಲ್ಲ. ಹಾಡುವಾಗ ತಾಳಕ್ಕೆ ಕೂರಿಸಿದ್ದನ್ನು ಕೇಳಿ ಅದರಲ್ಲಿ ಗಣ ಹುಡುಕಿದರೆ ಸಿಗುವುದು ಸಂಗೀತಗಾರರ ಲೆಕ್ಕ, ವಚನಕಾರರದಲ್ಲ. ಅಲ್ಲಿ ಗುರುತು ಹಾಕಬೇಕಾದ್ದು ಬೇರೆ: ಯಾವ ವಾಕ್ಯರಚನೆ ಎಷ್ಟು ಸಲ ಮರುಕಳಿಸಿತು, ಎಷ್ಟನೇ ಸಲಕ್ಕೆ ಮುರಿಯಿತು, ಅಂಕಿತ ಕೊನೆಗೆ ಬಂತೋ ಅಥವಾ ಅಂಕಿತದ ಆಚೆಗೂ ಮಾತು ಉಳಿಯಿತೋ.